ಮೆತ್ತಗೆ ಮಾತಾಡಿದ ತಿಂಗಳು

ಆಸ್ಪತ್ರೆಗಳ ಬಟ್ಟೆ ಒಗೆಯುವ ಆ ದೊಡ್ಡ ಲಾಂಡ್ರಿಯಲ್ಲಿ ಇಸ್ತ್ರಿ ವಿಭಾಗದ ಮೇಲ್ವಿಚಾರಕನನ್ನು ಜನ ಗುಡುಗಣ್ಣ ಎಂದು ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಬೆನ್ನ ಹಿಂದೆ ಆಡಿದ್ದು ಅವನ ಕಿವಿಗೆ ಬೀಳುತ್ತಲೇ ಇರಲಿಲ್ಲವಾದ್ದರಿಂದ ಆ ಹೆಸರು ಹತ್ತೊಂಬತ್ತು ವರ್ಷ ಯಾವ ಅಡ್ಡಿಯೂ ಇಲ್ಲದೆ ಬಾಳಿಕೊಂಡು ಬಂತು.

ಅವನ ವಿಭಾಗದಲ್ಲಿ ನಾಲ್ಕು ರೋಲರ್ ಯಂತ್ರಗಳಿದ್ದವು. ಒಂದು ಕಡೆಯಿಂದ ಇಬ್ಬರು ಹೆಂಗಸರು ಒದ್ದೆ ಬೆಡ್‌ಶೀಟನ್ನು ಒಳಗೆ ಬಿಡಬೇಕು, ಇನ್ನೊಂದು ಕಡೆಯಲ್ಲಿ ಇಬ್ಬರು ಬಿಸಿ ಬಿಸಿಯಾಗಿ ಹೊರಬಂದದ್ದನ್ನು ಹಿಡಿದು ಮಡಿಸಬೇಕು. ಗೋಡೆಯ ಆಚೆ ಹಿಂಡುವ ಯಂತ್ರಗಳು. ಅವು ಸುತ್ತಲು ಶುರುಮಾಡಿದವೆಂದರೆ ಕಬ್ಬಿಣದ ಸೇತುವೆಯ ಮೇಲೆ ರೈಲು ನಿಲ್ಲದೆ ಹೋಗುತ್ತಿರುವಂಥ ಸದ್ದು. ಆ ಸದ್ದಿನ ಮೇಲೆ ತನ್ನ ಸದ್ದು ಏರಿಸಿ ಗುಡುಗಣ್ಣ ಆಳುತ್ತಿದ್ದ. 'ದಿಂಬಿನ ಚೀಲ ಎಲ್ರೀ? ನುಂಗಿಬಿಟ್ರಾ?' ಎಂದರೆ ಕೆಲಸ ಚೆನ್ನಾಗಿ ನಡೆದಿದೆ ಎಂದರ್ಥ. 'ಈ ಮಡಿಕೆ ನೋಡಿದ್ರೆ ರೋಗಿ ಎದ್ದು ಓಡಿಹೋಗ್ತಾನೆ' ಎಂದರೆ ಇನ್ನೂ ಸ್ವಲ್ಪ ನೀಟಾಗಿರಲಿ ಎಂದರ್ಥ. ಯಾರೂ ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲ.

ಹೀಗಿರುವಾಗ ದೂರದ ದೇಶದ ಒಂದು ಕಂಪನಿ ಲಾಂಡ್ರಿಯನ್ನು ಕೊಂಡುಕೊಂಡಿತು. ಮೊದಲು ಗೇಟಿನ ಬೋರ್ಡು ಬದಲಾಯಿತು. ಆಮೇಲೆ ಸೋಪಿನ ವಾಸನೆ ಬದಲಾಯಿತು. ಮೂರನೆಯದಾಗಿ ಮೇಲ್ವಿಚಾರಕರನ್ನು ಬದಲಾಯಿಸಬೇಕೆಂದು ತೀರ್ಮಾನವಾಗಿ, ಅವರನ್ನೆಲ್ಲ ಮೂರು ದಿನದ ತರಬೇತಿಗೆ ಕರೆದರು. ತಿಂಗಳು ಕಳೆದ ಮೇಲೆ ಕಂಪನಿಯ ನಿರ್ದೇಶಕಿಯೇ ಬಂದು ಒಬ್ಬೊಬ್ಬರಿಗೂ ನೂರಕ್ಕೆ ಅಂಕ ಕೊಡುವರೆಂದೂ, ಐವತ್ತಕ್ಕಿಂತ ಕಡಿಮೆ ಬಂದವರು ಮತ್ತೆ ಬಟ್ಟೆಗಾಡಿ ತಳ್ಳುವ ಕೆಲಸಕ್ಕೆ ಇಳಿಯಬೇಕೆಂದೂ ಪತ್ರದಲ್ಲಿ ಬರೆದಿತ್ತು. ಗುಡುಗಣ್ಣ ಗಾಡಿ ತಳ್ಳಿಯೇ ಮೇಲೆ ಬಂದವನು. ಪತ್ರ ಓದಿದ ದಿನ ಅವನ ಬೆನ್ನು ತಾನಾಗಿಯೇ ನೋಯಲು ಶುರುವಾಯಿತು.

ತರಬೇತಿ ನಡೆದದ್ದು ಕಾಲಿಟ್ಟರೆ ಸದ್ದಾಗದಂಥ ಕಾರ್ಪೆಟ್ ಹಾಸಿದ ಹಾಲಿನಲ್ಲಿ. ತರಬೇತುದಾರ ಮಲಗಿದ ಮಗುವಿನ ಪಕ್ಕ ಕೂತವನಂತೆ ಮಾತಾಡಿದ. ಗುಡುಗಣ್ಣನಿಗೆ ಅರ್ಧ ಮಾತು ತಿಳಿಯಿತು. ಉಳಿದರ್ಧ ತನ್ನ ತಿಳುವಳಿಕೆಗೆ ಮೀರಿದ್ದು ಎಂದು ಗೌರವದಿಂದ ತಲೆಯಾಡಿಸಿದ. ಪುಣ್ಯಕ್ಕೆ ಕೊನೆಯ ದಿನ ನೀಲಿ ರಟ್ಟಿನ ಒಂದು ಪುಸ್ತಿಕೆ ಕೊಟ್ಟರು. ಅದರ ಸಾರ ಇಷ್ಟು: ನಾಯಕ ಆಜ್ಞೆ ಮಾಡುವುದಿಲ್ಲ, ಅಭಿಪ್ರಾಯ ಕೇಳುತ್ತಾನೆ. ನಾಯಕ ಬೈಯುವುದಿಲ್ಲ, ಧನ್ಯವಾದ ಹೇಳುತ್ತಾನೆ. ನಾಯಕ ಎಂದೂ, ಯಾವ ಕಾರಣಕ್ಕೂ, ಧ್ವನಿ ಏರಿಸುವುದಿಲ್ಲ.

ಗುಡುಗಣ್ಣ ಪುಸ್ತಿಕೆಯನ್ನು ಬಾಯಿಪಾಠ ಮಾಡಿದ. ಮನೆಗೆ ಬಂದವನೇ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು, "ಇನ್ಮೇಲೆ ನಾನು ಮೇಲ್ವಿಚಾರಕ ಅಲ್ಲ ಕಣೇ. ಜೊತೆಗಾರ ನಾಯಕ" ಎಂದ.

"ಅಂದ್ರೆ ಕೆಲಸ ಹೋಯ್ತಾ?" ಎಂದಳು ಅವಳು.

ಪುಸ್ತಿಕೆಯ ಪ್ರಕಾರ ಅವನು ಮನಸ್ಸಿನಲ್ಲೇ ಏಳರವರೆಗೆ ಎಣಿಸಿ, ತುಟಿ ಮಾತ್ರ ಅಲ್ಲಾಡಿಸುತ್ತ ಕೇಳಿದ: "ಈಗ ನನಗೆ ಒಂದು ಲೋಟ ನೀರು ಕೊಡೋದರ ಬಗ್ಗೆ ನಿನ್ನ ಅಭಿಪ್ರಾಯ ಏನು?"

ಹೆಂಡತಿ ಅವನ ಹಣೆ ಮುಟ್ಟಿ ನೋಡಿದಳು. ಹಣೆ ತಣ್ಣಗಿತ್ತು. ಜ್ವರವಿದ್ದಿದ್ದರೆ ಅವಳಿಗೆ ಅಷ್ಟು ಭಯವಾಗುತ್ತಿರಲಿಲ್ಲ. ಒಳಗೆ ಹೋಗಿ ತಮ್ಮನಿಗೆ ಫೋನು ಮಾಡಿ, "ನಿಮ್ಮ ಭಾವ ಒಂಥರಾ ಆಡ್ತಿದಾರೆ ಕಣೋ. ನೀರಿನ ಬಗ್ಗೆ ಅಭಿಪ್ರಾಯ ಕೇಳ್ತಿದಾರೆ" ಎಂದು ಅತ್ತಳು.

ಸೋಮವಾರ ಗುಡುಗಣ್ಣ ಬೇರೆಯೇ ಮನುಷ್ಯನಾಗಿ ಲಾಂಡ್ರಿಗೆ ಹೋದ. ಎರಡನೆಯ ರೋಲರಿನ ಪಕ್ಕ ಕೈಕಟ್ಟಿ ನಿಂತು, "ಸ್ನೇಹಿತರೇ, ಈ ಬೆಡ್‌ಶೀಟುಗಳನ್ನು ಸ್ವಲ್ಪ ಬೇಗ ಮಡಿಸಲು ಸಾಧ್ಯವಾದೀತೇ?" ಎಂದು ವಿನಯದಿಂದ ಕೇಳಿದ.

ಯಾರೂ ಅಲ್ಲಾಡಲಿಲ್ಲ. ಆ ಸದ್ದಿನಲ್ಲಿ ಅವರಿಗೆ ಕಂಡದ್ದು ತುಟಿ ಅಲ್ಲಾಡುತ್ತಿರುವ ಒಬ್ಬ ಮನುಷ್ಯ, ಅಷ್ಟೇ. ಬಾಯ್ಲರ್ ನೋಡಿಕೊಳ್ಳುವವನು ಬಾಗಿಲಲ್ಲಿ ನಿಂತು, "ಹಲ್ಲು ಕೀಳಿಸಿಕೊಂಡಿರಬೇಕು ಪಾಪ" ಎಂದ. ಮೂರನೆಯ ಸಲ ಕೇಳಿದಾಗ, ಮಡಿಸುವ ಹುಡುಗಿಯೊಬ್ಬಳು ಹತ್ತಿರ ಬಂದು, "ಯಾಕಣ್ಣ, ಮೈಗೆ ಹುಷಾರಿಲ್ವಾ?" ಎಂದಳು.

"ವಿಚಾರಿಸಿದ್ದಕ್ಕೆ ಧನ್ಯವಾದ" ಎಂದ ಗುಡುಗಣ್ಣ ಅವಳ ಕಿವಿಯ ಹತ್ತಿರ.

ಹುಡುಗಿಯ ಮುಖ ಅವಳ ಕೈಯಲ್ಲಿದ್ದ ಬಿಳಿ ಬಟ್ಟೆಯ ಬಣ್ಣಕ್ಕೆ ತಿರುಗಿತು. ಕಾರಣವಿಷ್ಟೆ. ಹತ್ತೊಂಬತ್ತು ವರ್ಷದಲ್ಲಿ ಆ ಬಾಯಿಂದ ಧನ್ಯವಾದ ಎಂಬ ಶಬ್ದ ಹೊರಟದ್ದು ಒಂದೇ ಸಲ, ಉಗ್ರಾಣದ ಗುಮಾಸ್ತನನ್ನು ಕೆಲಸದಿಂದ ತೆಗೆದು ಕಳಿಸಿದ ದಿನ. ಈ ಸೋಮವಾರ ಮಧ್ಯಾಹ್ನದ ಊಟದ ಹೊತ್ತಿಗೆ ಸುದ್ದಿ ಗೇಟಿನ ಕಾವಲುಗಾರನವರೆಗೂ ಮುಟ್ಟಿತು: ಹೊಸ ಕಂಪನಿ ಜನರನ್ನು ಕಡಿಮೆ ಮಾಡುತ್ತಿದೆ, ಪಟ್ಟಿ ಗುಡುಗಣ್ಣನ ಜೇಬಿನಲ್ಲಿದೆ, ಯಾರಿಗೆ ಧನ್ಯವಾದ ಸಿಗುತ್ತದೋ ಅವರ ಕಥೆ ಮುಗಿದಂತೆ.

ಹೆದರಿಕೆಯಿಂದ ಎಲ್ಲರೂ ತಲೆಯೆತ್ತದೆ ದುಡಿದರು. ಆ ವಾರ ಮಾಮೂಲಿಗಿಂತ ನಾನೂರು ಬೆಡ್‌ಶೀಟು ಹೆಚ್ಚು ಹೊರಬಿದ್ದವು. ಗುಡುಗಣ್ಣ ಪುಸ್ತಿಕೆಯನ್ನು ಕಣ್ಣಿಗೊತ್ತಿಕೊಂಡ. ಹೊಸ ಬಗೆಯ ನಾಯಕತ್ವದ ಫಲ ಇಷ್ಟು ಬೇಗ ಕೈಗೆ ಸಿಕ್ಕಿದ್ದನ್ನು ಕಂಡು ಉತ್ಸಾಹ ಹೆಚ್ಚಿ, ಸಿಕ್ಕಸಿಕ್ಕವರಿಗೆಲ್ಲ ಧನ್ಯವಾದ ಹೇಳುತ್ತ ಹೋದ. ಅವನು ಒಂದು ಸಾಲಿನಲ್ಲಿ ನಡೆದು ಬಂದರೆ ಇನ್ನೊಂದು ಸಾಲಿನವರು ಬೆಡ್‌ಶೀಟಿನ ಹಿಂದೆ ಅಡಗುತ್ತಿದ್ದರು.

ಕೊನೆಗೆ ಬಾಯ್ಲರಿನವನೇ ಅವನನ್ನು ಅಡ್ಡಗಟ್ಟಿದ. "ಅಣ್ಣ, ನಿಮ್ಮ ದಮ್ಮಯ್ಯ. ಒಂದೇ ಒಂದು ಸಲ ಬೈದು ಹೋಗಿ. ಸೋಮಾರಿ ಅನ್ನಿ, ಏನಾದ್ರೂ ಅನ್ನಿ. ಮನೇಲಿ ಹೆಂಡ್ತಿ ಮಕ್ಕಳು ಊಟ ಬಿಟ್ಟಿದ್ದಾರೆ."

ಗುಡುಗಣ್ಣ ಏಳರವರೆಗೆ ಎಣಿಸಿದ. ಅವನ ಭುಜದ ಮೇಲೆ ಕೈಯಿಟ್ಟು, "ನಿಮ್ಮ ಭಾವನೆ ನನಗೆ ಅರ್ಥವಾಗುತ್ತೆ" ಎಂದ.

ಬಾಯ್ಲರಿನವನು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತ.

ಇಲ್ಲಿಯವರೆಗೆ ನಡೆದದ್ದು ಬರೀ ಗಾಬರಿ. ನಿಜವಾದ ಅನಾಹುತ ಪುಸ್ತಿಕೆಯ ಇಪ್ಪತ್ತೆರಡನೆಯ ಪುಟದಿಂದ ಬಂತು. ನಾಯಕನಾದವನು ಪ್ರತಿಯೊಬ್ಬ ಕೆಲಸಗಾರರೊಡನೆ ಹದಿನೈದು ನಿಮಿಷ ಸರಿಸಮಾನ ಎತ್ತರದಲ್ಲಿ ಕೂತು ಅವರ ಮನದಾಳದ ಆಸೆ ತಿಳಿದು, ಅದನ್ನು ಒಂದು ಫಾರಂನಲ್ಲಿ ಬರೆದು ಕೇಂದ್ರ ಕಚೇರಿಗೆ ಕಳಿಸಬೇಕೆಂದು ಅಲ್ಲಿತ್ತು. ಬೇರೆ ಕೋಣೆ ಇಲ್ಲದ್ದರಿಂದ ಗುಡುಗಣ್ಣ ಹಿಂಡುವ ಯಂತ್ರಗಳ ಗೋಡೆಗೆ ಒರಗಿಸಿ ಎರಡು ಸ್ಟೂಲು ಹಾಕಿಸಿದ. ಅವುಗಳ ಎತ್ತರವನ್ನು ಟೇಪು ಹಿಡಿದು ಅಳೆದ. ಒಬ್ಬೊಬ್ಬರಾಗಿ ಬಂದವರು, "ನನಗೆ ಯಾವ ಆಸೇನೂ ಇಲ್ಲಣ್ಣ, ಈ ಕೆಲಸ ಅಂದ್ರೆ ಪ್ರಾಣ" ಎಂದು ಕೈಮುಗಿದು ಎದ್ದು ಹೋದರು.

ಕೊನೆಗೆ ಬಂದವಳು ದೊಡ್ಡಕ್ಕ.

ದೊಡ್ಡಕ್ಕ ಇಪ್ಪತ್ತಾರು ವರ್ಷದಿಂದ ಮೊದಲನೆಯ ರೋಲರಿನಲ್ಲಿ ಬಟ್ಟೆ ಮಡಿಸುತ್ತಿದ್ದವಳು. ಗುಡುಗಣ್ಣ ಗಾಡಿ ತಳ್ಳುತ್ತಿದ್ದ ದಿನಗಳಲ್ಲಿ ಅವನಿಗೆ ಕೆಲಸ ಕಲಿಸಿದವಳು. ಅವನಿರುವ ಕಟ್ಟಡದಲ್ಲೇ ಕೆಳಗಿನ ಮನೆಯಲ್ಲಿ ಮಗಳು ಅಳಿಯನ ಜೊತೆ ಇದ್ದಳು. ಮಾತಾಡುವವರ ಮುಖವನ್ನು ಕಣ್ಣು ಮಿಟುಕಿಸದೆ ನೋಡುವುದು ಅವಳ ಅಭ್ಯಾಸ. ಎಷ್ಟು ಮರ್ಯಾದೆಯಿಂದ ಕೇಳಿಸಿಕೊಳ್ಳುತ್ತಾಳೆ ಎಂದು ಎಲ್ಲರೂ ಹೊಗಳುತ್ತಿದ್ದರು.

"ದೊಡ್ಡಕ್ಕ, ಇಷ್ಟು ವರ್ಷ ದುಡಿದು ದಣಿವಾಗಿದೆಯಾ?" ಎಂದು ಗುಡುಗಣ್ಣ ತುಪ್ಪದಂಥ ಧ್ವನಿಯಲ್ಲಿ ಕೇಳಿದ.

ದೊಡ್ಡಕ್ಕ ಅವನ ಮುಖ ನೋಡಿ ತಲೆಯಾಡಿಸಿದಳು.

"ಇನ್ನು ವಿಶ್ರಾಂತಿ ಬೇಕು ಅನ್ಸುತ್ತಾ?"

ಮತ್ತೆ ತಲೆಯಾಡಿಸಿದಳು.

"ಮನೇಲಿದ್ದು ಮೊಮ್ಮಕ್ಕಳ ಜೊತೆ ಕಾಲ ಕಳೆಯೋ ಆಸೆ ಇದೆಯಾ?"

ದೊಡ್ಡಕ್ಕ ನಕ್ಕಳು. "ಆಯ್ತಪ್ಪ, ನೀನು ಹೇಳಿದ ಮೇಲೆ ಆಯ್ತು" ಎಂದು ಎದ್ದು ರೋಲರಿನ ಕಡೆ ನಡೆದಳು.

ಇಷ್ಟು ವರ್ಷ ಯಾರೂ ಕೇಳದಿದ್ದ ಪ್ರಶ್ನೆಯನ್ನು ತಾನು ಕೇಳಿದೆನಲ್ಲ ಎಂದು ಗುಡುಗಣ್ಣ ಕಣ್ಣೊರೆಸಿಕೊಂಡು, ಫಾರಂನಲ್ಲಿ ಗುಂಡು ಅಕ್ಷರದಲ್ಲಿ ಬರೆದ: 'ವಿಶ್ರಾಂತಿ ಬಯಸುತ್ತಾರೆ. ಮನೆಯಲ್ಲಿರಲು ಇಷ್ಟ. ಸಂತೋಷದಿಂದ ಒಪ್ಪಿದರು.'

ಕೇಂದ್ರ ಕಚೇರಿಯಲ್ಲಿ ಅದನ್ನು ಓದಿದವರು ಯಾರೋ, ಅವರಿಗೆ ಇಪ್ಪತ್ತೆರಡನೆಯ ಪುಟ ಗೊತ್ತಿರಲಿಲ್ಲ. ಒಂಬತ್ತು ದಿನಕ್ಕೆ ಸರಿಯಾಗಿ ದೊಡ್ಡಕ್ಕನ ಮನೆಗೆ ಲಕೋಟೆ ಬಂತು. ತಮ್ಮ ಇಚ್ಛೆಯ ಮೇರೆಗೆ ತಮ್ಮನ್ನು ಈ ತಿಂಗಳ ಕೊನೆಯ ದಿನ ಸೇವೆಯಿಂದ ಬಿಡುಗಡೆ ಮಾಡಲಾಗುವುದು, ಶುಭವಾಗಲಿ.

ದೊಡ್ಡಕ್ಕನ ಅಳಿಯ ಸಿಟಿ ಬಸ್ಸಿನ ಡ್ರೈವರ್. ಯೂನಿಫಾರ್ಮಿನಲ್ಲೇ ಮೆಟ್ಟಿಲು ಹತ್ತಿ ಬಂದು ಬಾಗಿಲು ಬಡಿದ.

"ಅಣ್ಣ, ನಮ್ಮತ್ತೆ ಕೆಲಸ ಬಿಡ್ತೀನಿ ಅಂತ ನಿಮ್ಮ ಹತ್ರ ಯಾವಾಗ ಹೇಳಿದ್ರು?"

"ತಲೆಯಾಡಿಸಿದ್ರು. ಮೂರು ಸಲ ಕೇಳಿದೆ, ಬೇಡ ಅನ್ನಲಿಲ್ಲ."

"ತಲೆಯಾಡಿಸಿದ್ರೆ? ಬಸ್ಸಿನಲ್ಲಿ ಕೂತು ದಿನಕ್ಕೆ ನೂರು ಸಲ ನಾನೂ ತಲೆಯಾಡಿಸ್ತೀನಿ. ಹಾಗಂತ ಸ್ಟೇರಿಂಗ್ ಬಿಟ್ಟು ಮನೆಗೆ ಹೋಗು ಅಂತೀರಾ?"

ಗುಡುಗಣ್ಣ ಏಳರವರೆಗೆ ಎಣಿಸತೊಡಗಿದ.

"ನೋಡಿ, ನೋಡಿ! ಬಾಯೇ ಬಿಡ್ತಿಲ್ಲ!" ಎಂದ ಅಳಿಯ, ಅಷ್ಟರಲ್ಲಿ ಮೆಟ್ಟಿಲ ತುಂಬ ನೆರೆದಿದ್ದವರ ಕಡೆ ತಿರುಗಿ.

"ಬೈಯೋವಾಗ ಒಳ್ಳೆಯವರಿದ್ರು" ಎಂದಳು ಎದುರು ಮನೆಯಾಕೆ. "ಮೆತ್ತಗಾದ ಮೇಲೆ ಮನೆ ಹಾಳು ಮಾಡೋಕೆ ನಿಂತರು." ಮೂರನೆಯ ಮಹಡಿಯ ನಿವೃತ್ತ ಮೇಷ್ಟ್ರು, ಧ್ವನಿ ತಗ್ಗಿಸಿದ ಮನುಷ್ಯನನ್ನು ತಾವು ಎಂದೂ ನಂಬಿದವರಲ್ಲ ಎಂದು ತಿಳಿಸಿದರು. ಹೆಂಡತಿ ಬಾಗಿಲ ಸಂದಿಯಿಂದ ಎಲ್ಲರಿಗೂ, "ಅವರಿಗೆ ಮೈ ಸರಿಯಿಲ್ಲ, ಮನಸ್ಸಿಗೆ ತಗೋಬೇಡಿ" ಎಂದು ಕೈಸನ್ನೆ ಮಾಡುತ್ತಿದ್ದಳು. ಅದನ್ನು ಕಂಡು ಕೆಲವರು ಮರುದಿನ ಹಣ್ಣು ತಂದುಕೊಟ್ಟು ಹೋದರು. ಕೊಟ್ಟರೇ ಹೊರತು ಅವನೊಡನೆ ಮಾತಾಡಲಿಲ್ಲ.

ಗುಡುಗಣ್ಣ ಕೇಂದ್ರ ಕಚೇರಿಗೆ ಎರಡು ಪತ್ರ ಬರೆದ. ನಿರ್ದೇಶಕಿ ಹೇಗೂ ಬರುತ್ತಾರೆ, ಬಂದಾಗ ವಿಚಾರಿಸುತ್ತಾರೆ ಎಂದು ಉತ್ತರ ಬಂತು. ಲಾಂಡ್ರಿಯಲ್ಲಿ ಯಾರೂ ಅವನ ಮುಖ ನೋಡಲಿಲ್ಲ. ಎರಡು ಸ್ಟೂಲುಗಳನ್ನು ಯಾರೋ ಎತ್ತಿಕೊಂಡು ಹೋಗಿ ಗೇಟಿನ ಆಚೆ ಇಟ್ಟಿದ್ದರು. ದೊಡ್ಡಕ್ಕ ಮಾತ್ರ ದಿನವೂ ಹೊತ್ತಿಗೆ ಸರಿಯಾಗಿ ಬಂದು, ಏನೂ ಆಗಿಲ್ಲವೆಂಬಂತೆ ಬಟ್ಟೆ ಮಡಿಸಿ ಹೋಗುತ್ತಿದ್ದಳು.

ನಿರ್ದೇಶಕಿ ಬರುವ ಹಿಂದಿನ ದಿನ ಅವಳೇ ಗುಡುಗಣ್ಣನ ತೋಳು ಹಿಡಿದು, ಹಿಂಡುವ ಯಂತ್ರಗಳ ಕೋಣೆಗೆ ಎಳೆದುಕೊಂಡು ಹೋದಳು. ಎಂಟೂ ಯಂತ್ರಗಳು ಪೂರ್ತಿ ವೇಗದಲ್ಲಿ ಸುತ್ತುತ್ತಿದ್ದವು. ಗುಟ್ಟು ಹೇಳುವುದಕ್ಕೆ ಅಷ್ಟು ಒಳ್ಳೆಯ ಜಾಗ ಆ ಊರಿನಲ್ಲಿ ಇನ್ನೊಂದಿರಲಿಲ್ಲ. ಎಷ್ಟು ಕೂಗಿದರೂ ಪಕ್ಕದವನಿಗೆ ಕೇಳದು.

"ಅವತ್ತು ನನ್ನ ಹತ್ರ ಏನು ಕೇಳಿದೆ?" ಎಂದು ದೊಡ್ಡಕ್ಕ ಅವನ ಕಿವಿಗೆ ಬಾಯಿಟ್ಟು ಕೂಗಿದಳು.

"ವಿಶ್ರಾಂತಿ ಬೇಕಾ ಅಂತ!" ಎಂದು ಗುಡುಗಣ್ಣ ಅವಳ ಕಿವಿಗೆ ಬಾಯಿಟ್ಟು, ಒಂದು ತಿಂಗಳಲ್ಲಿ ಮೊದಲ ಸಲ ಗಂಟಲು ತೆರೆದು ಕೂಗಿದ.

"ಮಡಿಕೆ ಚೆನ್ನಾಗಿ ಮಾಡ್ತೀರಾ ಅಂತ ಕೇಳ್ತಿದೀಯ ಅಂದ್ಕೊಂಡೆ! ನನಗೆ ಕಿವಿ ಕೇಳಿಸಲ್ಲ ಕಣೋ! ಆರು ವರ್ಷ ಆಯ್ತು. ಒಂದು ಕಿವಿ ಪೂರ್ತಿ ಹೋಯ್ತು. ಇನ್ನೊಂದಕ್ಕೆ ನಿನ್ನ ಕೂಗು ಒಂದು ಬೀಳ್ತಿತ್ತು. ನೀನು ಆ ನೀಲಿ ಪುಸ್ತಕ ತಂದ ದಿನದಿಂದ ಅದೂ ಇಲ್ಲ. ಬರೀ ಬಾಯಿ ಅಲ್ಲಾಡಿಸ್ತೀಯ, ನಾನು ಬರೀ ತಲೆ ಆಡಿಸ್ತೀನಿ!"

ಗುಡುಗಣ್ಣ ತಲೆಯ ಮೇಲೆ ಕೈಯಿಟ್ಟುಕೊಂಡ.

"ಯಾರಿಗೂ ಹೇಳಬೇಡ. ಕಿವುಡಿ ಅಂತ ಗೊತ್ತಾದ್ರೆ ಯಂತ್ರದ ಹತ್ರ ಬಿಡಲ್ಲ. ನನ್ನ ಕೈಗೆ ಬೇರೆ ಕೆಲಸ ಬರಲ್ಲ, ಮನೇಲಿ ಕೂತ್ರೆ ನಾಲ್ಕು ದಿನಕ್ಕೆ ಹಾಸಿಗೆ ಹಿಡೀತೀನಿ. ಆ ಕಾಗದ ಹೇಗಾದ್ರೂ ವಾಪಸ್ ತಗೊಳ್ಳೋ ಹಾಗೆ ಮಾಡಪ್ಪ. ಕಿವಿ ಮಾತು ಮಾತ್ರ ಎತ್ತಬೇಡ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಬೆವರೋ ಕಣ್ಣೀರೋ ಆ ಹಬೆಯಲ್ಲಿ ಗೊತ್ತಾಗಲಿಲ್ಲ. ಕೆಲಸ ಕಲಿಸಿದ ಕೈ ತನ್ನ ಕೈ ಹಿಡಿದುಕೊಂಡಿರುವಾಗ ಗುಡುಗಣ್ಣ ಆಯ್ತು ಎಂದುಬಿಟ್ಟ. ಹೇಗೆ ಎಂಬುದು ಅವನಿಗೂ ಗೊತ್ತಿರಲಿಲ್ಲ.

ಮರುದಿನ ನಿರ್ದೇಶಕಿ ಬಂದರು. ಗಿಡ್ಡನೆಯ, ನರೆಗೂದಲಿನ, ಕಣ್ಣಲ್ಲಿ ಕರುಣೆಯಿದ್ದ ಹೆಂಗಸು. ಇಲ್ಲಿಯವರ ಭಾಷೆಯನ್ನು ಪುಸ್ತಕವಿಟ್ಟುಕೊಂಡು ಕಲಿತಿದ್ದರು. ಇಸ್ತ್ರಿ ವಿಭಾಗದ ಬಾಗಿಲಲ್ಲಿ ನಿಂತು, ಎರಡು ಕೈ ಸೊಂಟದ ಮೇಲಿಟ್ಟು, ಎದೆ ತುಂಬ ಉಸಿರೆಳೆದುಕೊಂಡು ಗರ್ಜಿಸಿದರು:

"ಎಲ್ಲರಿಗೂ ನಮಸ್ಕಾರ! ನಿಮ್ಮೆಲ್ಲರ ಆರೋಗ್ಯವು ಹೇಗಿದೆ!"

ಮೂರನೆಯ ರೋಲರಿನಲ್ಲಿ ಇಬ್ಬರ ಕೈಯಿಂದ ಬೆಡ್‌ಶೀಟು ಜಾರಿ ಬಿತ್ತು.

"ನೀವು ಬಹಳ ಸುಂದರವಾಗಿ ಮಡಿಸುತ್ತಿರುವಿರಿ!" ಎಂದು ಅವರು ಮಡಿಸುವ ಹುಡುಗಿಯ ಮೇಲೆ ಅರಚಿದರು. "ಇದನ್ನು ಕಂಡು ನನಗೆ ಅತ್ಯಂತ ಸಂತೋಷವಾಗಿದೆ!"

ಹುಡುಗಿ ಗೊಳೋ ಎಂದು ಅಳತೊಡಗಿದಳು.

"ನೀವು ಅಳಬಾರದು! ನಿಮ್ಮ ದುಃಖವೇನು! ನಾನು ನಿಮ್ಮ ಸಹೋದರಿಯಂತೆ!" ಎಂದು ನಿರ್ದೇಶಕಿ ಇನ್ನಷ್ಟು ಗಟ್ಟಿಯಾಗಿ ಕೂಗಿದರು. ಹುಡುಗಿ ದಿಂಬಿನ ಚೀಲದ ಗಾಡಿಯ ಹಿಂದೆ ಓಡಿಹೋದಳು. ಗುಡುಗಣ್ಣ ಪಿಸುಮಾತಿನಲ್ಲಿ, "ಸ್ವಾಗತ, ಮೇಡಂ, ತಾವು ಬಂದದ್ದಕ್ಕೆ ಧನ್ಯವಾದ" ಎಂದ. ಕೂಗುವ ಅತಿಥಿ, ಪಿಸುಗುಡುವ ಗುಡುಗು. ಇದನ್ನು ನೋಡಿದ ಬಾಯ್ಲರಿನವನು, ಇವತ್ತಿಗೆ ಲಾಂಡ್ರಿ ಮುಚ್ಚಿತು ಎಂದುಕೊಂಡು ತನ್ನ ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡ.

ಆದರೆ ಮೊದಲನೆಯ ರೋಲರಿನ ಹತ್ತಿರ ಒಂದು ಮುಖ ಅರಳಿತ್ತು. ದೊಡ್ಡಕ್ಕ ಬಟ್ಟೆ ಕೆಳಗಿಟ್ಟು ನೇರವಾಗಿ ಬಂದು ನಿರ್ದೇಶಕಿಯ ಎರಡೂ ಕೈ ಹಿಡಿದುಕೊಂಡಳು.

"ಎಷ್ಟು ಚೊಕ್ಕವಾಗಿ ಮಾತಾಡ್ತೀರಮ್ಮ! ಒಂದು ತಿಂಗಳಿಂದ ಈ ಲಾಂಡ್ರಿಲಿ ಒಬ್ಬರ ಮಾತೂ ತಲೆಗೆ ಹೋಗ್ತಿರಲಿಲ್ಲ. ನಿಮ್ಮದು ಅಕ್ಷರ ಅಕ್ಷರ ಕೇಳಿಸ್ತು!"

ನಿರ್ದೇಶಕಿಗೆ ಹಿಡಿಸಲಾರದ ಹಿಗ್ಗು. ಏಪ್ರನ್ನಿನ ಮೇಲಿದ್ದ ಹೆಸರು ಓದಿದರು. "ನಿಮ್ಮ ವಿದಾಯದ ಬಗ್ಗೆ ಓದಿದೆ! ನೀವು ಕೆಲಸವನ್ನು ಬಿಡಲು ಏಕೆ ಬಯಸಿದಿರಿ!"

"ಬಿಡೋದಾ? ಯಾರು ಹೇಳಿದ್ದು? ಕೈ ಆಡೋವರೆಗೂ ಮಡಿಸ್ತೀನಿ!"

"ಹಾಗಾದರೆ ಈ ಪತ್ರವು ಏಕೆ ಬಂದಿತು!"

ವಿಭಾಗದ ಇಪ್ಪತ್ತೆರಡು ಜನರೂ ಒಟ್ಟಿಗೆ ಗುಡುಗಣ್ಣನ ಕಡೆ ತಿರುಗಿದರು.

ಕಚೇರಿಯ ಕೋಣೆಯಲ್ಲಿ ನಿರ್ದೇಶಕಿ ಆ ಫಾರಂ ಹರವಿಕೊಂಡು ಕೂತರು. ಪಕ್ಕದಲ್ಲಿ ಅಂಕ ಹಾಕುವ ಹಾಳೆ. ಗುಡುಗಣ್ಣ ಎದುರಿಗೆ ನಿಂತ. ದೊಡ್ಡಕ್ಕನೇ ಒಪ್ಪಿದ್ದಳು, ಈಗ ಮಾತು ಬದಲಿಸುತ್ತಿದ್ದಾಳೆ ಎಂದರೆ ಅಂಕಕ್ಕೆ ಕುತ್ತಿಲ್ಲ. ಅವಳಿಗೆ ಕಿವಿ ಕೇಳಿಸದು ಎಂದು ಇದ್ದದ್ದನ್ನು ಇದ್ದಂತೆ ಹೇಳಿದರೂ ಅಂಕಕ್ಕೆ ಕುತ್ತಿಲ್ಲ. ಅವನು ಗಾಡಿಯ ಹಿಡಿಕೆಯನ್ನೂ ತನ್ನ ಬೆನ್ನನ್ನೂ ಒಂದು ಸಲ ನೆನೆದ.

"ಮೇಡಂ, ಅವರು ಬೇಡ ಅಂತಾನೇ ಅಂದ್ರು. ನನಗೆ ಹೂಂ ಅಂದ ಹಾಗೆ ಕೇಳಿಸ್ತು. ನನಗೆ... ನನಗೆ ಕಿವಿ ಸರಿಯಾಗಿ ಕೇಳಿಸಲ್ಲ. ತಪ್ಪು ನನ್ನದು."

ನಿರ್ದೇಶಕಿ ಬೆಳಗಿನಿಂದ ಕೂಗಿ ಒಡೆದ ಗಂಟಲಿಗೆ ಬಿಸಿನೀರು ಕುಡಿದು, ತಮ್ಮ ಸಹಜವಾದ ಧ್ವನಿಯಲ್ಲಿ, ಮೆಲ್ಲಗೆ, ಏನೋ ಹೇಳಿದರು. ಗುಡುಗಣ್ಣ ಭಕ್ತಿಯಿಂದ ತಲೆಯಾಡಿಸಿದ. ಅವರು ಇನ್ನೇನೋ ಕೇಳಿದರು. ಅವನು ಅದಕ್ಕೂ ತಲೆಯಾಡಿಸಿದ. ಅವರು ಬರೆದುಕೊಂಡರು. ಗಾಡಿ ಖಾತ್ರಿಯಾಯಿತು ಎಂದುಕೊಂಡು ಅವನು ಕೈಮುಗಿದು ಹೊರಗೆ ಬಂದ.

ಹೊರಗೆ ಗುಮಾಸ್ತ ಒಂದು ಚೀಟಿ ಕೊಟ್ಟ. "ನಾಳೆ ಹತ್ತು ಗಂಟೆಗೆ ಕಿವಿ ಡಾಕ್ಟರ ಹತ್ರ ಪರೀಕ್ಷೆ. ನೀವೇ ಒಪ್ಪಿದ್ರಂತಲ್ಲ, ಎರಡು ಸಲ ತಲೆಯಾಡಿಸಿ?"

ಗುಡುಗಣ್ಣ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಸೇವೆಯಲ್ಲಿ ಹೇಳಿದ ಒಂದೇ ಒಂದು ದೊಡ್ಡ ಸುಳ್ಳಿಗೆ ಪರೀಕ್ಷೆ ಇಟ್ಟಿದ್ದರು. ಮನೆಯಲ್ಲಿ ಹೆಂಡತಿಗೆ ಎಲ್ಲವನ್ನೂ ಹೇಳಿದ.

"ಅಷ್ಟೇನಾ?" ಎಂದಳು ಅವಳು, ಒಂದು ತಿಂಗಳ ಭಾರ ಇಳಿಸಿದವಳಂತೆ. "ನಾನು ತಲೆ ಕೆಟ್ಟಿದೆ ಅಂದ್ಕೊಂಡಿದ್ದೆ. ನೀವು ಒಳಗೆ ಹೋಗಿ ಸುಮ್ನೆ ಕೂತ್ಕೊಳ್ಳಿ. ಅವರು ಏನು ಸದ್ದು ಮಾಡಿದ್ರೂ ಕೇಳಿಸಲಿಲ್ಲ ಅನ್ನಿ."

"ಪೂರ್ತಿ ಕೇಳಿಸಲಿಲ್ಲ ಅಂದ್ರೆ ಅನುಮಾನ ಬರುತ್ತೆ. ಜೋರಾದ ಸದ್ದು ಕೇಳಿಸ್ತು ಅಂತೀನಿ, ಸಣ್ಣ ಸದ್ದು ಬಿಟ್ಟುಬಿಡ್ತೀನಿ" ಎಂದ ಗುಡುಗಣ್ಣ. ಹೆಂಡತಿ ಚಮಚದಿಂದ ಲೋಟ ಬಡಿಯುತ್ತ ಅವನಿಗೆ ಅರ್ಧ ಗಂಟೆ ಅಭ್ಯಾಸ ಮಾಡಿಸಿದಳು.

ಕಿವಿ ಡಾಕ್ಟರು ಅವನನ್ನು ಒಂದು ಗಾಜಿನ ಗೂಡಿನಲ್ಲಿ ಕೂರಿಸಿ, ಕಿವಿಗೆ ಯಂತ್ರ ಹಾಕಿ, ಕೈಗೆ ಗುಂಡಿ ಕೊಟ್ಟರು. ಸದ್ದು ಕೇಳಿಸಿದಾಗ ಒತ್ತಬೇಕು. ಗುಡುಗಣ್ಣ ಮೈಯೆಲ್ಲ ಎಚ್ಚರವಾಗಿ ಕೂತ. ಜೋರಾದ ಸದ್ದು ನಾಲ್ಕೈದು ಬಂದವು. ನಿರ್ಧರಿಸಿದಂತೆ ಒತ್ತಿದ. ಇನ್ನು ಸಣ್ಣ ಸದ್ದು ಬರಲಿ, ಒತ್ತದೆ ಬಿಡೋಣ ಎಂದು ಬೆರಳನ್ನು ಗುಂಡಿಯಿಂದ ಒಂದು ಅಂಗುಲ ದೂರ ಹಿಡಿದುಕೊಂಡು ಕಾದ. ಕಾದೇ ಕಾದ. ಬೆರಳು ಸೋತು ಬಂತು. ಒಂದು ಸಣ್ಣ ಸದ್ದೂ ಬರಲಿಲ್ಲ. ಯಂತ್ರ ಕೆಟ್ಟಿರಬೇಕು ಎಂದುಕೊಂಡು ಅವನು ಗೂಡಿನ ಬಾಗಿಲು ತೆರೆದ.

"ಡಾಕ್ಟ್ರೇ, ಸಣ್ಣ ಸದ್ದಿನ ಪರೀಕ್ಷೆ ಯಾವಾಗ ಶುರು ಮಾಡ್ತೀರಿ?"

ಡಾಕ್ಟರು ಅವನನ್ನು ನೋಡಿದರು. ಎದ್ದು ಹತ್ತಿರ ಬಂದು, ಕೈಯನ್ನು ಬಾಯಿಗೆ ಅಡ್ಡ ಹಿಡಿದು ಕೂಗಿದರು: "ಮುಗೀತು! ಇಪ್ಪತ್ತು ನಿಮಿಷ ಬಂತಲ್ಲ!"

ಅವರು ಒಂದು ಹಾಳೆ ತೋರಿಸಿದರು. ಅದರಲ್ಲಿ ಒಂದು ಗೆರೆ ಸ್ವಲ್ಪ ದೂರ ನೆಟ್ಟಗೆ ಬಂದು, ಆಮೇಲೆ ಕಾಲು ಜಾರಿದಂತೆ ಕೆಳಗೆ ಬಿದ್ದಿತ್ತು. "ಎಷ್ಟು ವರ್ಷದಿಂದ ಆ ಯಂತ್ರಗಳ ಹತ್ರ ಇದೀರಿ?"

"ಹತ್ತೊಂಬತ್ತು" ಎಂದ ಗುಡುಗಣ್ಣ. ಸುಳ್ಳು ಹೇಳಲೆಂದು ಬಂದವನ ಕೈಗೆ ಡಾಕ್ಟರು ಸಹಿ ಮಾಡಿ ಮೊಹರು ಹಾಕಿದ ನಿಜವನ್ನು ಕೊಟ್ಟಿದ್ದರು. ಅವನು ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು, ದಾರಿಯಲ್ಲಿ ಒಂದು ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದ. ಎದುರಿಗೆ ಮಕ್ಕಳು ಓಡುತ್ತಿದ್ದವು, ಬಾಯಿ ತೆರೆದು ನಗುತ್ತಿದ್ದವು. ಮರದಲ್ಲಿ ಹಕ್ಕಿಗಳ ಕೊಕ್ಕು ಆಡುತ್ತಿತ್ತು.

ಆ ಕಾಗದ ನೋಡಿದ ನಿರ್ದೇಶಕಿ ಹಿಂಡುವ ಯಂತ್ರಗಳ ಗೋಡೆಯ ಹತ್ತಿರ ಹೋಗಿ ಐದು ನಿಮಿಷ ಆ ಸದ್ದು ಕೇಳುತ್ತ ನಿಂತು ಬಂದರು. ಮರುದಿನವೇ ಇಡೀ ವಿಭಾಗವನ್ನು ಪರೀಕ್ಷೆಗೆ ಕಳಿಸಿದರು. ಇಪ್ಪತ್ತೆರಡು ಜನರಲ್ಲಿ ಹದಿನಾಲ್ಕು ಜನರ ಗೆರೆ ಕಾಲು ಜಾರಿತ್ತು. ದೊಡ್ಡಕ್ಕನದು ಎಲ್ಲರಿಗಿಂತ ಕೆಳಗೆ. ಆದರೆ ಅವಳನ್ನು ಕಳಿಸುವ ಮಾತೇ ಬರಲಿಲ್ಲ. ಇದು ಯಂತ್ರದ ಸದ್ದಿನಿಂದ ಆದದ್ದು, ಹೊಣೆ ಕಂಪನಿಯದು, ಗೋಡೆಗೆ ದಪ್ಪ ಹಲಗೆ ಹೊಡೆಸಬೇಕು, ಎಲ್ಲರಿಗೂ ಕಿವಿಮುಚ್ಚಳ, ಬೇಕಾದವರಿಗೆ ಶ್ರವಣಯಂತ್ರ ಕೊಡಬೇಕು ಎಂದು ನಿರ್ದೇಶಕಿ ಬರೆದರು. ಬಿಡುಗಡೆಯ ಪತ್ರವನ್ನು ಅಳಿಯನ ಎದುರಿಗೇ ಹರಿದರು. ಅಳಿಯ ಗುಡುಗಣ್ಣನ ಬಾಗಿಲಿಗೆ ಮತ್ತೊಮ್ಮೆ ಬಂದು, ಏನು ಹೇಳಬೇಕೆಂದು ತೋಚದೆ, ಬಸ್ಸಿನಲ್ಲಿ ಎಲ್ಲಿಗೆ ಹೋಗಬೇಕಾದರೂ ಮುಂದಿನ ಸೀಟು ನಿಮ್ಮದೇ ಎಂದು ಹೇಳಿ ಹೋದ.

ಅಂಕದ ಹಾಳೆಯಲ್ಲಿ 'ಇತರರ ಮಾತು ಆಲಿಸುವುದು' ಎಂಬುದರ ಮುಂದೆ ನಿರ್ದೇಶಕಿ 'ಅನ್ವಯಿಸುವುದಿಲ್ಲ' ಎಂದು ಬರೆದಿದ್ದರು. ಉಳಿದದ್ದರಲ್ಲಿ ಐವತ್ತೊಂದು ಬಂದಿತ್ತು.

ಹೊರಡುವ ದಿನ ಅವರು ಗುಡುಗಣ್ಣನಿಗೆ ತಮ್ಮ ಕೈಚೀಲದಿಂದ ಒಂದು ಹಳದಿ ರಟ್ಟಿನ ಪುಸ್ತಿಕೆ ತೆಗೆದು ತೋರಿಸಿದರು. ಅದೇ ತರಬೇತುದಾರ ಬರೆದದ್ದು, ಅದೇ ಮುದ್ರಣ, ಆದರೆ ಈ ದೇಶಕ್ಕೆ ಬರುವ ಅಧಿಕಾರಿಗಳಿಗಾಗಿ. ಗುರುತು ಹಾಕಿದ್ದ ಸಾಲನ್ನು ಅವರೇ ಓದಿ ಹೇಳಿದರು. ಅಲ್ಲಿಯ ಜನ ಎತ್ತರದ ಧ್ವನಿಯನ್ನೇ ಆತ್ಮೀಯತೆ ಎಂದು ತಿಳಿಯುತ್ತಾರೆ, ನಾಯಕರು ಮೊದಲ ದಿನವೇ ಗರ್ಜಿಸತಕ್ಕದ್ದು.

"ನನ್ನ ತಾಯಿಯ ಮೇಲೂ ನಾನು ಎಂದಿಗೂ ಕೂಗಿದವಳಲ್ಲ" ಎಂದರು ನಿರ್ದೇಶಕಿ. ಓದಿ ಮುಗಿಸುವಷ್ಟರಲ್ಲಿ ಗಂಟಲು ಕೂತುಹೋಗಿತ್ತು. "ಇಲ್ಲಿಗೆ ಬರುವ ಹಿಂದಿನ ರಾತ್ರಿ ಹೋಟೆಲಿನಲ್ಲಿ ದಿಂಬಿನೊಳಗೆ ಮುಖವಿಟ್ಟು ಅಭ್ಯಾಸ ಮಾಡಿದೆನು."

ಗುಡುಗಣ್ಣನಿಗೆ ಇದು ಕೇಳಿಸಲಿಲ್ಲ. ಆದರೆ ಈ ಸಲ ಅವನು ತಲೆಯಾಡಿಸಲಿಲ್ಲ. "ಇನ್ನೊಂದು ಸಲ ಹೇಳಿ ಮೇಡಂ, ಜೋರಾಗಿ" ಎಂದ. ಅವರು ಹೇಳಿದರು. ಇಬ್ಬರೂ ನಕ್ಕರು.

ಆರು ವಾರದ ಮೇಲೆ ಶ್ರವಣಯಂತ್ರಗಳು ಬಂದವು. ಗುಡುಗಣ್ಣ ಬೆಳಿಗ್ಗೆ ಮನೆಯಲ್ಲಿ ಅದನ್ನು ಹಾಕಿಕೊಂಡು, ನಲ್ಲಿ ತೊಟ್ಟಿಕ್ಕುವುದನ್ನೂ, ತನ್ನ ಚಪ್ಪಲಿಯ ಸದ್ದನ್ನೂ, ಹೆಂಡತಿ ಒಲೆಯ ಮುಂದೆ ತನ್ನ ಬಗ್ಗೆ ಗೊಣಗುವುದನ್ನೂ ಕೇಳಿ ಬೆರಗಾಗಿ ಲಾಂಡ್ರಿಗೆ ಬಂದ. ಯಂತ್ರಗಳು ಇನ್ನೂ ಶುರುವಾಗಿರಲಿಲ್ಲ. ಹೆಂಗಸರು ಏಪ್ರನ್ ಕಟ್ಟಿಕೊಳ್ಳುತ್ತಿದ್ದರು. ನಾಲ್ಕನೆಯ ರೋಲರಿನ ಹತ್ತಿರ ಒಂದು ಗಾಡಿ ದಾರಿಗೆ ಅಡ್ಡ ನಿಂತಿತ್ತು.

"ಯಾರ್ರೀ ಈ ಗಾಡಿ ಇಲ್ಲಿ ಬಿಟ್ಟಿದ್ದು?" ಎಂದು ಗುಡುಗಣ್ಣ ಎಂದಿನಂತೆ ಕೇಳಿದ.

ಕೇಳಿದವನೇ ಬೆಚ್ಚಿಬಿದ್ದು, ತಲೆ ತಗ್ಗಿಸಿ, ಹೀಗೆ ಅರಚಿದವರು ಯಾರೆಂದು ಹಿಂದಕ್ಕೆ ತಿರುಗಿ ನೋಡಿದ. ಹಿಂದೆ ಬರೀ ಗೋಡೆಯಿತ್ತು.

ಬಾಯ್ಲರಿನವನು ಬಾಗಿಲಲ್ಲಿ ನಿಂತಿದ್ದ. ಅವನು ಮೆಲ್ಲಗೆ, ಸಮಾಧಾನ ಮಾಡುವವನಂತೆ ಹೇಳಿದ:

"ನೀವೇ ಅಣ್ಣ."